ಗದಿಗೆಪ್ಪ ಆರಿಸಿದ ಯಂತ್ರ

"ಕೈ ಒಳಗ ಹೋಗಂಗಿಲ್ರಿ ಧಣೇರ, ನೋಡ್ರಿ ಬೇಕಾದ್ರ," ಎನ್ನುತ್ತ ಗದಿಗೆಪ್ಪ ಮೇವು ಕತ್ತರಿಸುವ ಯಂತ್ರದ ಬಾಯಿಗೆ ತನ್ನ ಎಡಗೈಯನ್ನೇ ತುರುಕಲು ಹೋಗಿ ತೋರಿಸಿದ. ಆ ಕೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ. ಮುಂಬಯಿಯ ನಾಗದೇವಿ ಗಲ್ಲಿಯ ಆ ಯಂತ್ರದಂಗಡಿಯ ಸೇಠ್ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡ.

ಕಾಂತಪ್ಪ ಶೆಟ್ಟರು ಎರಡು ಯಂತ್ರಗಳ ನಡುವೆ ನಿಂತು ಯೋಚಿಸುತ್ತಿದ್ದರು. ಮಾಟುಂಗದ ಅವರ ಹೋಟೆಲಿಗೆ ಹಾಲು ಬರುತ್ತಿದ್ದದ್ದು ಸಾಂತಾಕ್ರೂಜಿನಲ್ಲಿದ್ದ ಅವರದೇ ತಬೇಲಾದಿಂದ; ಅಲ್ಲಿನ ಅರವತ್ತು ಎಮ್ಮೆಗಳಿಗೆ ಮೇವು ಕತ್ತರಿಸುವವನು ಗದಿಗೆಪ್ಪ. ಎದುರಿಗಿದ್ದ ಒಂದು ಯಂತ್ರ ಅಗ್ಗದ್ದು, ಅವರಲ್ಲಿದ್ದ ಹಳೆಯದರ ಹಾಗೆಯೇ ಬಾಯಿ ತೆರೆದುಕೊಂಡದ್ದು. ಇನ್ನೊಂದರಲ್ಲಿ ಬ್ಲೇಡಿನ ಸುತ್ತ ಕಬ್ಬಿಣದ ಕವಚವಿತ್ತು, ಕಾಲಿನಿಂದ ಒತ್ತಿದರೆ ಗಾಲಿಯನ್ನು ಗಕ್ಕನೆ ನಿಲ್ಲಿಸುವ ಪೆಡಲಿತ್ತು. ಮೋಟರಿನಿಂದ ಓಡುವ ಯಂತ್ರಕ್ಕೆ ಕವಚ ಬೇಕೇ ಬೇಕೆಂದು ಸ್ವಾತಂತ್ರ್ಯದ ಬೆನ್ನಲ್ಲೇ ಹೊಸ ಕಾಯಿದೆ ಬಂದಿತ್ತು. ಈ ಸಲ ತಬೇಲಾಗಳನ್ನೂ ಬಿಡುವುದಿಲ್ಲವಂತೆ ಎಂಬ ಸುದ್ದಿ ಶೆಟ್ಟರ ನಿದ್ದೆ ಕೆಡಿಸಿತ್ತು.

"ಇದು ನಿಧಾನ ಮಾರಾಯ. ಅರವತ್ತು ಎಮ್ಮೆಗೆ ಪೂರೈಸ್ತದಾ?"

"ಒಂದ್ ತಾಸು ಮೊದ್ಲ ಏಳ್ತೀನ್ರಿ. ಇದನ್ನ ತಗೋರಿ."

ಶೆಟ್ಟರು ಅದನ್ನೇ ಕೊಂಡರು. ಮುಂಬಯಿಗೆ ಬಂದ ಎಂಟು ವರ್ಷಗಳಲ್ಲಿ ತನ್ನ ಮಾತು ಕೇಳಿ ಯಾರಾದರೂ ಏನನ್ನಾದರೂ ಕೊಂಡದ್ದು ಗದಿಗೆಪ್ಪನಿಗೆ ಅದೇ ಮೊದಲು. ಲಾರಿಯ ಹಿಂದೆ ಯಂತ್ರವನ್ನು ತಬ್ಬಿಕೊಂಡು ಕುಳಿತು ಬರುವಾಗ, ಬೆರಳು ಹೋದದ್ದು ಪೂರಾ ದಂಡವಾಗಲಿಲ್ಲ ಎನಿಸಿತು.

ಯಂತ್ರ ಕೂರಿಸಿದ ಒಂಬತ್ತನೆಯ ದಿನ ಅದನ್ನು ತಪಾಸಣೆ ಮಾಡಲು ಸರಕಾರದ ಇನ್ಸ್‌ಪೆಕ್ಟರು ಬರುವವರಿದ್ದರು. ಗದಿಗೆಪ್ಪ ಒಗೆದ ಅಂಗಿ ಹಾಕಿಕೊಂಡು, ಯಂತ್ರಕ್ಕೆ ಎಣ್ಣೆ ಬಿಡುತ್ತ ನಿಂತಿದ್ದ. ಶೆಟ್ಟರು ಬಂದವರೇ ಅವನನ್ನು ಹುಲ್ಲಿನ ರಾಶಿಯ ಹಿಂದಕ್ಕೆ ಕರೆದರು.

"ನಿನ್ನ ಕೈ ಕಂಡರೆ ಅವರು ಕೇಳದೆ ಇರುವುದಿಲ್ಲ. ಊರಲ್ಲಿ ಆದದ್ದು ಅಂತ ಹೇಳು."

"ಇಲ್ಲೇ ಆಗಿದ್ದಲ್ರಿ, ಹ್ವಾದ ಮಳಿಗಾಲದಾಗ."

"ಅದೇ ತಾಪತ್ರಯ. ಕಾಯಿದೆ ಬಂದ ಮೇಲೆ ಆದದ್ದು. ನಾನು ಸರಕಾರಕ್ಕೆ ತಿಳಿಸಲಿಲ್ಲ. ಈಗ ಗೊತ್ತಾದರೆ ತಬೇಲಾಕ್ಕೆ ಬೀಗ." ಶೆಟ್ಟರು ದನಿ ತಗ್ಗಿಸಿದರು. "ಆಸ್ಪತ್ರೆಗೆ ನಿನ್ನನ್ನು ಹೊತ್ತುಕೊಂಡು ಹೋದವ ನಾನೇ ಗದಿಗೆಪ್ಪ. ಮೂರು ತಿಂಗಳು ನಿನ್ನ ಮನೆಗೆ ಹೋಟೆಲಿನಿಂದ ಊಟ ಬಂತು. ಬೇರೆ ಧಣಿ ಆಗಿದ್ದರೆ?"

ಅದು ಸುಳ್ಳಲ್ಲ. ಶೆಟ್ಟರ ಬಿಳಿ ಪಂಚೆ ತನ್ನ ರಕ್ತದಲ್ಲಿ ತೊಯ್ದದ್ದನ್ನು ಅವನೇ ಕಂಡಿದ್ದ. ಹಳೆಯ ಯಂತ್ರದ ಬಾಯಿಗೆ ಒಂದು ತಗಡಾದರೂ ಹೊಡೆಸಿರೆಂದು ಅದಕ್ಕೂ ಮೊದಲು ಎರಡು ಸಲ ಕೇಳಿಕೊಂಡದ್ದನ್ನೂ ಅವನು ಮರೆತಿರಲಿಲ್ಲ. ಆದರೆ ತಬೇಲಾದ ಹನ್ನೊಂದು ಆಳುಗಳಲ್ಲಿ ಏಳು ಜನರನ್ನು ಊರಿಂದ ಕರೆತಂದವನು ಅವನೇ. ಅವರೆಲ್ಲ ಸಗಣಿ ಬಾಚುತ್ತ, ಓರೆಗಣ್ಣಿನಿಂದ ಇತ್ತಲೇ ನೋಡುತ್ತಿದ್ದರು.

"ಆತ್ರಿ," ಎಂದ.

ಇನ್ಸ್‌ಪೆಕ್ಟರು ಧಾರವಾಡದವರು. ಮೊಣಕಾಲೂರಿ ಕವಚವನ್ನು ತಡವಿ ನೋಡಿದರು, ಪೆಡಲು ಒತ್ತಿ ಗಾಲಿ ನಿಲ್ಲಿಸಿದರು, "ಭೇಷ್" ಎಂದರು. ಏಳುವಾಗ ಗದಿಗೆಪ್ಪನ ಕೈ ಕಣ್ಣಿಗೆ ಬಿತ್ತು. ಅದನ್ನು ಹಿಡಿದು ಮೆಲ್ಲಗೆ ತಿರುಗಿಸಿದರು.

"ಯಾವೂರಪಾ ನಿಂದು?"

"ಗೋಕಾಕ ಕಡೀರಿ."

"ಇದೇನಾತು?"

"ಹ್ವಾದ ವರ್ಷ ಊರಿಗೆ ಹೋಗಿದ್ನಿರಿ. ಕಬ್ಬಿನ ಗಾಣಕ್ಕ ಸಿಕ್ತ್ರಿ."

"ಯಾರ ಗಾಣ? ಹೆದರಬ್ಯಾಡ, ಹೆಸರ ಹೇಳು. ಆ ಜಿಲ್ಲಾನೂ ನಮ್ಮ ಮುಂಬಯಿ ಸರಕಾರದಾಗೇ ಐತಿ. ಅವನ್ನ ನಾ ಬಿಡಂಗಿಲ್ಲ." ಜೇಬಿನಿಂದ ಪೆನ್ನು ತೆಗೆದರು.

ಇದನ್ನು ಶೆಟ್ಟರು ಹೇಳಿಕೊಟ್ಟಿರಲಿಲ್ಲ. ಊರಲ್ಲಿ ಗಾಣವಿದ್ದ ಮನೆಗಳು ಮೂರು. ಮೂರೂ ಮನೆಯವರ ಮುಖಗಳು ಗದಿಗೆಪ್ಪನ ಕಣ್ಣ ಮುಂದೆ ಬಂದುವು. ಯಾರೂ ಅವನಿಗೆ ಕೇಡು ಮಾಡಿದವರಲ್ಲ. ಮುಂಬಯಿಯಿಂದ ಕಾಗದ ಬಂತೆಂದರೆ ಅವರ ಗತಿ?

"ನಮ್ಮಪ್ಪಂದ್ರೀ," ಎಂದುಬಿಟ್ಟ.

ಅವನಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಕಂಡವರ ಹೊಲದಲ್ಲಿ ಕೂಲಿ ಮಾಡಿದ ಮನುಷ್ಯ. ಗಾಣವೆಲ್ಲಿಂದ ಬರಬೇಕು, ಸ್ವಂತದ್ದೆಂದು ಇದ್ದದ್ದು ಒಂದು ಕುಡಗೋಲು. ಅದನ್ನೂ ಮಕ್ಕಳ ಕೈಗೆ ಸಿಗಬಾರದೆಂದು ಜಂತಿಯ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದ.

ಇನ್ಸ್‌ಪೆಕ್ಟರು ಬರೆಯದೆ ಪೆನ್ನು ಮುಚ್ಚಿದರು. "ಹೆತ್ತ ಮಗನ್ನ ಹಿಂಗ ಗಾಣಕ್ಕ ಬಿಟ್ಟನಲ್ಲೋ! ಎಂಥಾ ಅಪ್ಪನೋ ಏನೋ. ಇಲ್ನೋಡು, ಯಾವ ಸಂಬಂಧ ಇಲ್ಲದ ಇವರು ನಿನ್ನ ಕೈ ಉಳೀಲಿ ಅಂತ ಎಂಥಾ ಯಂತ್ರ ತಂದಾರ!"

ಶೆಟ್ಟರು ಎಮ್ಮೆಗಳ ಕಡೆ ನೋಡುತ್ತ ನಿಂತಿದ್ದರು.

"ಈಗ ಅದಾನೇನು ನಿಮ್ಮಪ್ಪ?"

"ಇಲ್ರಿ ಸಾಹೇಬ್ರ," ಎಂದ ಗದಿಗೆಪ್ಪ. "ಇದ್ದಿದ್ರ ಅವನ ಹೆಸರು ಹೇಳ್ತಿದ್ದಿಲ್ರಿ."