ಕೆಂಚನಿಗೆ ಬಂದ ಸೀನು

ಕೊಲ್ಲುವ ನೆಗಡಿ ಹಬ್ಬಿ ಗಂಗೊಳ್ಳಿ ಬಂದರಿನ ಬೆಕ್ಕುಗಳು ಸಾಯುತ್ತಿದ್ದವು. ಪಶುವೈದ್ಯೆ ನಫೀಸಾ ಇಂಥ ರೋಗ ಬಂದಾಗಲೆಲ್ಲ ಮಾಡುವಂತೆ ಒಂದು ಕರಿಬೆಕ್ಕಿಗೆ ಲಸಿಕೆಯಂಥ ‘ಒಳ್ಳೆ ನೆಗಡಿ’ ಅಂಟಿಸಿ ಬಿಟ್ಟರು. ಕಾಪಾಡುವ ಆ ನೆಗಡಿ ಉಳಿದವಕ್ಕೆ ಎಂಜಲಿನಿಂದ, ಸೀನಿನಿಂದ ತಾನಾಗಿಯೇ ಅಂಟಬೇಕು. ಅಂಟಿದ್ದಕ್ಕೆ ಜೋರು ಸೀನೇ ಗುರುತು; ಕೊಲ್ಲುವ ನೆಗಡಿಯಲ್ಲಿ ಸೀನು ಬರುವುದಿಲ್ಲ.

ಮೀನು ಮಾರುವ ಗುಲಾಬಿ ಎಲ್ಲವಕ್ಕೂ ಒಂದೇ ತಟ್ಟೆಯಲ್ಲಿ ಮೀನು ಇಟ್ಟಳು. ಯಾರ ಕೈಗೂ ಸಿಗದ ಗಂಡುಬೆಕ್ಕು ಕೆಂಚ ಮಾತ್ರ ದೂರವೇ ಕುಳಿತ.

“ಬಾ ಮಗಾ, ಒಂದ್ ತುಂಡಾರೂ ತಿನ್,” ಎಂದು ಅವಳು ಗೋಗರೆದಳು. ಅವನು ಕದಲಲಿಲ್ಲ. ಕೊನೆಗೆ ಕರಿಬೆಕ್ಕೇ ಎದ್ದು ಹೋಗಿ ಅವನ ಮುಖವನ್ನು ನೆಕ್ಕತೊಡಗಿತು. ಕೆಂಚ ಕಣ್ಣು ಮುಚ್ಚಿ ನೆಕ್ಕಿಸಿಕೊಂಡ.

ಕೆಲವು ದಿನಗಳ ಬಳಿಕ, ಉಳಿದ ಬೆಕ್ಕುಗಳೆಲ್ಲ ಸೀನಿ ಮುಗಿಸಿದ ಮೇಲೆ, ಮೀನು ಹರಾಜಿನ ಗದ್ದಲದ ನಡುವೆ ಕೆಂಚ ಜೋರಾಗಿ ಸೀನಿದ.

“ಹೋಯ್, ನಮ್ ಕೆಂಚಂಗೆ ಸೀನ್ ಬಂತ್!” ಗುಲಾಬಿ ಕುಣಿದಾಡಿದಳು.

ಹರಾಜು ನಿಂತಿತು. ದೋಣಿಗಳ ಮೇಲಿದ್ದವರೆಲ್ಲ ಶಿಳ್ಳೆ ಹಾಕಿದರು. ಬಂದರಿನ ಕೊನೆಯ ಬೆಕ್ಕೂ ಉಳಿದುಕೊಂಡಿತ್ತು.