ಈ ತಿಂಗಳ ಐದನೇ ಕಳ್ಳತನ

ಸೋಮವಾರ ಬೆಳಗ್ಗೆ ಹತ್ತಕ್ಕೆ ದೊಡ್ಡ ಸಾಹೇಬರು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಬಂದು ಕುಳಿತರು. ಪೊಲೀಸ್ ಇಲಾಖೆಯ ಮೇಲಧಿಕಾರಿಗಳನ್ನು ಸುಧಾರಿಸುವ ಸಮಿತಿಗೆ ಅವರೇ ಅಧ್ಯಕ್ಷರು. ಮೇಲಿನವರು ತಿಂಗಳಿಗೊಂದು ದಿನ ಠಾಣೆಯಲ್ಲಿ ಕುಳಿತು ಜನರ ದೂರನ್ನು ಕೈಯಾರೆ ಬರೆದುಕೊಳ್ಳಬೇಕೆಂಬ ಶಿಫಾರಸೂ ಅವರದೇ. ಸಮಿತಿಯ ಉಳಿದ ಹನ್ನೊಂದು ಅಧಿಕಾರಿಗಳಿಗೆ ಆ ಸೋಮವಾರಕ್ಕೇ ಸರಿಯಾಗಿ ಸೊಂಟನೋವು, ನೆಂಟರ ಮದುವೆ, ತುರ್ತು ಸಭೆಗಳು ಒದಗಿ ಬಂದಿದ್ದರಿಂದ ಮೊದಲ ಪಾಳಿ ಅವರ ಪಾಲಿಗೇ ಬಂತು. ಅವರು ಕೊನೆಯ ಸಲ ದೂರು ಬರೆದುಕೊಂಡು ಇಪ್ಪತ್ತೇಳು ವರ್ಷವಾಗಿತ್ತು. ಹದಿನಾರು ವರ್ಷದಿಂದ ಅದೇ ಮೇಜಿನಲ್ಲಿ ಬರೆಯುತ್ತಿದ್ದ ರೈಟರಮ್ಮ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಯಾವ ಪುಸ್ತಕ, ಯಾವ ಕಾಲಂ ಎಂದು ಬೆರಳಿಟ್ಟು ತೋರಿಸಬೇಕಾಯಿತು.

ಮೊದಲು ಬಂದವಳು ಟೈಲರ್ ಅಂಗಡಿಯ ಹೆಂಗಸು. ಅಂಗಡಿಯ ಶಟರ್ ಬೀಗ ಮುರಿದು ಯಾರೋ ಅವಳ ಓವರ್‌ಲಾಕ್ ಮೆಷಿನ್ ಹೊತ್ತೊಯ್ದಿದ್ದರು. ನಲವತ್ತು ಮಕ್ಕಳ ಸಮವಸ್ತ್ರ ಕತ್ತರಿಸಿ ಬಿದ್ದಿದೆ, ಅಂಚು ಹೊಲಿಯಲು ಮೆಷಿನ್ ಇಲ್ಲ, ಶಾಲೆ ಶುರುವಾಗಲು ಹತ್ತೇ ದಿನ ಎಂದಳು. ಠಾಣೆಗೆ ಬರುತ್ತಿರುವುದು ಇದು ನಾಲ್ಕನೆಯ ಸಲವಂತೆ. ಪ್ರತಿ ಸಲವೂ ಮುಂದಿನ ತಿಂಗಳು ಬಾ ಎಂದು ಕಳಿಸಿದ್ದರಂತೆ.

"ಮುಂದಿನ ತಿಂಗಳು ಯಾಕಂತೆ?"

"ಈ ತಿಂಗಳ ಕಳ್ಳತನ ಭರ್ತಿಯಾಗಿದೆಯಂತೆ ಸಾರ್."

ಸಾಹೇಬರ ಮುಖ ಕೆಂಪಾಯಿತು. ಇನ್‌ಸ್ಪೆಕ್ಟರನ್ನು ಕರೆಸಿ ಜನರೆದುರಿಗೇ ತರಾಟೆಗೆ ತೆಗೆದುಕೊಂಡರು. ಇನ್‌ಸ್ಪೆಕ್ಟರ್ ಒಳಗೆ ಹೋಗಿ ಫೈಲು ತಂದು, ಒಂದು ಸುತ್ತೋಲೆ ತೆರೆದು ಮೇಜಿನ ಮೇಲಿಟ್ಟ. ತಿಂಗಳಿಗೆ ನಾಲ್ಕಕ್ಕಿಂತ ಹೆಚ್ಚು ಕಳ್ಳತನ ದಾಖಲಾದ ಠಾಣೆಯ ಇನ್‌ಸ್ಪೆಕ್ಟರ್ ಲಿಖಿತ ವಿವರಣೆ ಕೊಡಬೇಕು, ಎರಡನೇ ಸಲವಾದರೆ ವರ್ಗಾವಣೆ ಎಂದಿತ್ತು. ಸಾಹೇಬರು ಕೆಳಗಿನ ಸಹಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. ಆಗಲೂ ಅದು ಅವರದೇ ಆಗಿತ್ತು.

"ಕಳ್ಳತನ ತಡೀರಿ ಅಂತ ಕಣ್ರೀ ಇದರ ಅರ್ಥ."

"ತಡೀತಾ ಇದೀವಲ್ಲ ಸರ್" ಎಂದ ಇನ್‌ಸ್ಪೆಕ್ಟರ್, ವಿನಯದಿಂದಲೇ. "ಈ ಮೇಜಿನ ಹತ್ರಾನೇ."

ರೈಟರಮ್ಮ ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸತೊಡಗಿದಳು. ಸಾಹೇಬರು ಪುಸ್ತಕ ಹತ್ತಿರಕ್ಕೆ ಎಳೆದುಕೊಂಡು ಬರೆಯಲು ಕೂತರು. ನಾಲ್ಕು ಕಡೆ ಹೊಡೆದುಹಾಕಿ, ಎರಡು ಕಡೆ ರೈಟರಮ್ಮನನ್ನು ಕೇಳಿ, ಒಂದು ಗಂಟೆಯಲ್ಲಿ ಮುಗಿಸಿದರು. ಪ್ರತಿಯನ್ನು ತಾವೇ ಎದ್ದು ನಿಂತು ಕೊಟ್ಟರು. ಟೈಲರ್ ಹೆಂಗಸು ಅದನ್ನು ಅಲ್ಲೇ ನಿಂತು, ತುಟಿ ಅಲುಗಿಸುತ್ತ, ಕೊನೆಯ ಸಾಲಿನವರೆಗೂ ಓದಿದಳು. ಎಲ್ಲೂ 'ಕಳೆದುಹೋಗಿದೆ' ಎಂದಿಲ್ಲ, 'ಕದ್ದಿದ್ದಾರೆ' ಎಂದೇ ಇದೆ ಎಂದು ಖಾತ್ರಿಯಾದ ಮೇಲೆ ಕೈಮುಗಿದು ಹೋದಳು.

ಸಂಜೆ ಮನೆಗೆ ಹೋದ ಸಾಹೇಬರ ನಡಿಗೆಯೇ ಬೇರೆಯಾಗಿತ್ತು. "ಇವತ್ತು ನಿಜವಾಗಿ ಕೆಲಸ ಮಾಡ್ದೆ ಕಣೇ" ಎಂದರು ಹೆಂಡತಿಗೆ. ಹಾಗಾದರೆ ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಆಕೆ ಸಹಜವಾಗಿ ಕೇಳಿದರು. ಸಾಹೇಬರು ಕೈ ತೊಳೆಯಲು ಹೋದರು. ದೂರು ಬರೆದಾಗಿತ್ತಲ್ಲ, ಠಾಣೆಯವರು ಹುಡುಕಲೇಬೇಕಾಯಿತು. ಹುಡುಕಿದರೆ ಎರಡೇ ಬೀದಿಯಾಚೆ, ಒಂದು ಗುಜರಿ ಅಂಗಡಿಯ ಹಿಂದೆ, ಮೂರೇ ದಿನಕ್ಕೆ ಮೆಷಿನ್ ಸಿಕ್ಕಿತು.

ತಿಂಗಳ ಕೊನೆಗೆ ಆಪ್ತ ಸಹಾಯಕ ನೋಟಿಸುಗಳ ಕಟ್ಟು ತಂದು, ಹಾಳೆ ಮಗುಚುತ್ತ ಸಹಿಯ ಜಾಗ ತೋರಿಸುತ್ತ ನಿಂತ. ಹದಿನಾಲ್ಕೋ ಹದಿನೈದೋ ಹಾಳೆ ಆದ ಮೇಲೆ ಸಾಹೇಬರ ಪೆನ್ನು ನಿಂತಿತು. ಅದೇ ಠಾಣೆ. ಐದು ಕಳ್ಳತನ ದಾಖಲಾಗಿದೆ, ಒಂದು ಹೆಚ್ಚಾದದ್ದೇಕೆ, ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು. ಐದನೆಯದರ ಮುಂದೆ 'ಓವರ್‌ಲಾಕ್ ಮೆಷಿನ್, ಒಂದು' ಎಂದಿತ್ತು.

"ಏನಾದ್ರೂ ತಪ್ಪಿದೆಯಾ ಸರ್?"

ಸಾಹೇಬರು ಯೋಚಿಸಿದರು. ಈ ಒಂದನ್ನು ತಡೆದರೆ ಕಟ್ಟನ್ನೆಲ್ಲ ತಡೆಯಬೇಕು. ಕಟ್ಟು ತಡೆದರೆ ಸುತ್ತೋಲೆ ಹಿಂತೆಗೆದುಕೊಳ್ಳಬೇಕು. ಸುಧಾರಣಾ ವರದಿಯ ಮೊದಲ ಅಧ್ಯಾಯದಲ್ಲೇ, ಆ ಸುತ್ತೋಲೆಯಿಂದ ಕಳ್ಳತನ ಮೂರನೇ ಒಂದು ಪಾಲು ಇಳಿದಿದೆ ಎಂದು ಬರೆದದ್ದಾಗಿತ್ತು. ಓದಿದ ಮಂತ್ರಿಗಳು ಬೆನ್ನು ತಟ್ಟಿದ್ದೂ ಆಗಿತ್ತು.

"ಏನಿಲ್ಲ" ಎಂದು ಸಹಿ ಹಾಕಿ, ಮುಂದಿನ ಹಾಳೆಗೆ ಕೈ ಚಾಚಿದರು.

ಮುಂದಿನ ತಿಂಗಳ ಪಾಳಿಗೂ ಅವರೇ ಬಂದರು. ಹನ್ನೊಂದು ಮಂದಿಯ ಸೊಂಟ ಇನ್ನೂ ಸರಿಹೋಗಿರಲಿಲ್ಲ. ಈ ಸಲ ಅವರೇ ಸರಿಯಾದ ಪುಸ್ತಕ ತೆಗೆದು, ತಾರೀಖು ಹಾಕಿ ಕಾದರು. ಹನ್ನೊಂದಾಯಿತು, ಒಂದಾಯಿತು, ನಾಲ್ಕಾಯಿತು. ಒಬ್ಬರೂ ಬರಲಿಲ್ಲ. ಅವರು ಕೂತಲ್ಲಿಂದ ಗೇಟು ಕಾಣುತ್ತಿರಲಿಲ್ಲ. ರೈಟರಮ್ಮ ಕೂತಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಇನ್‌ಸ್ಪೆಕ್ಟರ್ ಬೆಳಗ್ಗೆಯೇ ಅಲ್ಲೊಬ್ಬ ಪೇದೆಯನ್ನು ನಿಲ್ಲಿಸಿದ್ದ. ಬಂದವರಿಗೆಲ್ಲ ಅವನು ನಾಳೆ ಬನ್ನಿ ಎಂದು ಹೇಳಿ ಕಳಿಸುತ್ತಿದ್ದ. ನಾಲ್ಕೂವರೆಗೆ ಟೈಲರ್ ಹೆಂಗಸೂ ಬಂದಳು. ದೂರು ಕೊಡುವುದಕ್ಕಲ್ಲ, ಮೆಷಿನ್ ಸಿಕ್ಕಿತೆಂದು ಸಾಹೇಬರಿಗೆ ಒಂದು ಮಾತು ಹೇಳುವುದಕ್ಕೆ ಎಂದಳು. ಪೇದೆ ಅದಕ್ಕೂ ನಾಳೆಯೇ ಬರಬೇಕೆಂದ.

ಐದಕ್ಕೆ ಸಾಹೇಬರು ಪುಸ್ತಕ ಮುಚ್ಚಿ ಮೈಮುರಿದರು.

"ಇವತ್ತು ಯಾರೂ ದೂರು ಕೊಡೋಕೆ ಬರ್ಲಿಲ್ವಲ್ಲಮ್ಮ?"

ರೈಟರಮ್ಮ ಗೇಟಿನಿಂದ ಕಣ್ಣು ತೆಗೆಯದೆ ಹೇಳಿದಳು: "ನೀವು ಕೂತಿದೀರಲ್ಲ ಸರ್."