ಗೂಡಿನ ಹಾರ

ಆ ಹಾರಕ್ಕೆ ಹೋದದ್ದು ನಮ್ಮ ಬೆಳೆಯಲ್ಲೇ ಆಯ್ದು ತೆಗೆದ ಇನ್ನೂರು ರೇಷ್ಮೆಗೂಡು. ಸೂಜಿ ಚುಚ್ಚಿದ ಗೂಡಿನಿಂದ ನೂಲು ಬಿಚ್ಚಲಾಗದು ಎಂದು ಗೊತ್ತಿದ್ದೂ ಅಜ್ಜಿ ಪೋಣಿಸಿದ್ದಳು. ಹೊರದೇಶದ ರೇಷ್ಮೆ ಬಂದು ನಮ್ಮ ಗೂಡಿನ ಬೆಲೆ ಬಿದ್ದಿತ್ತು. "ಆಮದು ನಿಲ್ಸೋದು ದಿಲ್ಲಿ ಕೈಲೈತೆ ಕಣವ್ವ" ಎಂದು ಹಿಂದೆ ಅಜ್ಜಿಗೆ ಹೇಳಿದ್ದ ನಮ್ಮ ಶಾಸಕರು, ಈಗ ಲೋಕಸಭೆಗೆ ಗೆದ್ದು ದಿಲ್ಲಿಯಲ್ಲೇ ಮಂತ್ರಿಯಾಗಿ ಊರಿಗೆ ಬರುವವರಿದ್ದರು. ಹಾರ ಅವರಿಗೆಂದೇ.

ಇವತ್ತಿಗೂ ರಾಮನಗರದ ಮಾರುಕಟ್ಟೆಯಲ್ಲಿ ಹಸಿಗೂಡಿನ ವಾಸನೆ ಬಡಿದರೆ ಅವರು ಬಂದ ಆ ಮಧ್ಯಾಹ್ನ ಎದುರಿಗೆ ನಿಲ್ಲುತ್ತದೆ.

ಅಜ್ಜಿ ಹಾರ ಹಾಕಿದವಳೇ, "ಈಗ ದಿಲ್ಲೀಲೇ ಕುಂತಿದ್ದೀಯಲ್ಲಪ್ಪ, ಆಮದು ನಿಲ್ಸು" ಎಂದಳು.

ಮಂತ್ರಿಗಳು ನಕ್ಕರು. "ಗೂಡಿನ ರೇಟು ರಾಜ್ಯದ್ದು ಕಣವ್ವ, ಬೆಂಗಳೂರಲ್ಲಿ ಕೇಳು." ಹಾರ ತೆಗೆದು ಗನ್‌ಮ್ಯಾನ್ ಕೈಗಿಟ್ಟು ಕಾರು ಹತ್ತಿದರು.

"ಬೆಂಗಳೂರಲ್ಲಿದ್ರೆ ದಿಲ್ಲಿ, ದಿಲ್ಲೀಲಿದ್ರೆ ಬೆಂಗಳೂರು! ಇವ್ನು ಇರೋ ಕಡೆ ಯಾವತ್ತೂ ಕೆಲ್ಸ ಇರಾಕಿಲ್ವೇನ್ರೋ?" ಎಂದು ಕೂಗುತ್ತಾ ಅಜ್ಜಿ ಕಿಟಕಿಯೊಳಗೆ ಕೈಹಾಕಿ ಹಾರ ಕಿತ್ತುಕೊಂಡಳು. ಮನೆಯಲ್ಲಿ ಒಂದೊಂದೇ ಗೂಡನ್ನು ಬೆರಳಲ್ಲಿ ಸವರಿ ನೋಡಿದಳು. ಒಂದೂ ನೂಲಿಗೆ ಬರುವಂತಿರಲಿಲ್ಲ.

ನೀವು ಮಂತ್ರಿಗಳನ್ನು ಕಾಣಲು ಹೋದರೆ ಹೂವಿನ ಹಾರವೇ ಸಾಕು. ಅದೂ ಅವರ ಉತ್ತರ ಬರವಣಿಗೆಯಲ್ಲಿ ಸಿಗುವವರೆಗೆ ನಿಮ್ಮ ಕೈಯಲ್ಲೇ ಇರಲಿ.